‘ಬದುಕಿದ್ದೇನೆ’ ಗುಂಡಿಯಲ್ಲಿ ದೋಷವಿಲ್ಲದಿರುವ ಬಗ್ಗೆ

ಸಂಖ್ಯೆ: ಜಾಲ/ಸುಗಮ/100/100

ವಿಷಯ: ಇಲಾಖೆಯ ಜಾಲತಾಣವನ್ನು ಅಂಧರೂ ಬಳಸಬಹುದೆಂದು ಯಂತ್ರವು ಪ್ರಮಾಣೀಕರಿಸಿದ್ದು, ಅಂಧರು ಅದನ್ನು ಒಪ್ಪದಿರುವ ಬಗ್ಗೆ.

ಉಲ್ಲೇಖ: (ಅ) ಪರೀಕ್ಷಾ ತಂತ್ರಾಂಶದ ವರದಿ; ಅಂಕ ನೂರಕ್ಕೆ ನೂರು.
(ಆ) ದೃಷ್ಟಿಯಿಲ್ಲದ ನಿವೃತ್ತ ಶಿಕ್ಷಕಿಯೊಬ್ಬರ ಮೌಖಿಕ ದೂರು, ಅಂಕ ನೀಡಿಲ್ಲ.

ಪಿಂಚಣಿದಾರರು ವರ್ಷಕ್ಕೊಮ್ಮೆ ಜಾಲತಾಣದಲ್ಲಿ ‘ಬದುಕಿದ್ದೇನೆ’ ಎಂಬ ಗುಂಡಿಯನ್ನು ಒತ್ತತಕ್ಕದ್ದು. ಒತ್ತದವರ ಪಿಂಚಣಿ ತಿಂಗಳ ಕೊನೆಗೆ ನಿಲ್ಲುತ್ತದೆ. ಸದರಿ ಗುಂಡಿಯು ಒಂದು ಚಿತ್ರವಾಗಿದೆ. ಚಿತ್ರಗಳಿಗೆ, ಅಂಧರ ಫೋನು ಗಟ್ಟಿಯಾಗಿ ಓದಿ ಹೇಳಬಲ್ಲ ವಿವರಣೆ ಇಲ್ಲವೆಂದು ತಂತ್ರಾಂಶ ತಕರಾರು ತೆಗೆದ ಮೇರೆಗೆ, ಸಿಬ್ಬಂದಿಯು ಒಂದೇ ಮಧ್ಯಾಹ್ನದಲ್ಲಿ ಎಲ್ಲ ಚಿತ್ರಗಳಿಗೂ ‘ಚಿತ್ರ’ ಎಂದು ವಿವರಣೆ ಬರೆದು ಪೂರ್ಣಾಂಕ ಗಳಿಸಿರುತ್ತಾರೆ.

ಹೀಗಿರುವಾಗ ಸದರಿ ಶಿಕ್ಷಕಿಯು ಕೌಂಟರಿಗೆ ಬಂದು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಫೋನು ಪುಟ ಓದ್ತಾ ‘ಚಿತ್ರ, ಚಿತ್ರ, ಚಿತ್ರ’ ಅಂತದೆ ಕಣಪ್ಪ. ಪಕ್ಕದಲ್ಲೇ ‘ತೀರಿಕೊಂಡಿದ್ದಾರೆ’ ಅನ್ನೋ ಗುಂಡಿನೂ ಇದೆಯಂತೆ. ಅಂದಾಜಲ್ಲಿ ಅದನ್ನ ಒತ್ತಿಬಿಟ್ರೆ ನೀವು ಬಂದು ಎಬ್ಬಿಸ್ತೀರಾ?” ಗುಮಾಸ್ತರು, “ಅಮ್ಮಾ, ಮಷೀನೇ ಸರಿಯಿದೆ ಅಂದಮೇಲೆ ನಿಮ್ಮದೇನು?” ಎಂದು ಕೇಳಿದ್ದಕ್ಕೆ, “ಪಿಂಚಣಿ ಮಷೀನಿಗೆ ಬರ್ತದಾ?” ಎಂದು ಮರುಪ್ರಶ್ನೆ ಹಾಕಿರುತ್ತಾರೆ. ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗುವುದೇನೆಂದರೆ:

1. ತಂತ್ರಾಂಶಕ್ಕೆ ಕಾಣದ ದೋಷ ಯಾರಿಗೂ ಕಾಣತಕ್ಕದ್ದಲ್ಲ. ಕಣ್ಣಿಲ್ಲದವರಿಗೆ ಅದು ಹೇಗೆ ಕಂಡಿತೆಂದು ಲಿಖಿತ ವಿವರಣೆ ಕೇಳಲಾಗಿದೆ.

2. ಹೋಲಿಕೆಗಾಗಿ ಇನ್ನೊಂದು ತಂತ್ರಾಂಶವನ್ನು ಓಡಿಸಲಾಗಿ, ಅದು ಅದೇ ಪುಟಗಳಲ್ಲಿ ನಲವತ್ತೊಂದು ದೋಷಗಳನ್ನು ಪಟ್ಟಿ ಮಾಡಿದೆ. ಎರಡನ್ನೂ ತುಲನಾತ್ಮಕವಾಗಿ ಪರಿಶೀಲಿಸಿ, ಎರಡನೆಯದರ ನಡತೆ ತೃಪ್ತಿಕರವಾಗಿಲ್ಲವೆಂದು ತೀರ್ಮಾನಿಸಿ, ಅದನ್ನು ಕಂಪ್ಯೂಟರಿನಿಂದ ತೆಗೆದುಹಾಕಲಾಗಿದೆ.

3. ಏನೂ ಇಲ್ಲದ ಪುಟದಲ್ಲಿ ಯಾವ ತಂತ್ರಾಂಶಕ್ಕೂ ದೋಷ ಸಿಗುವುದಿಲ್ಲವೆಂಬುದು ಪ್ರಯೋಗದಿಂದ ದೃಢಪಟ್ಟಿದೆ. ಆದ್ದರಿಂದ ಪುಟಗಳನ್ನು ಹಂತಹಂತವಾಗಿ ಖಾಲಿ ಮಾಡತಕ್ಕದ್ದು. ದೂರು ಸಲ್ಲಿಸುವ ಪುಟಕ್ಕೆ ಆದ್ಯತೆ ನೀಡತಕ್ಕದ್ದು.

4. “ನಿಮ್ಮೆದುರಿಗೇ ಕೂತಿದ್ದೀನಲ್ಲಪ್ಪ, ಬದುಕಿದ್ದಾಳೆ ಅಂತ ಬರ್ಕೊಳ್ಳಿ” ಎಂಬ ಶಿಕ್ಷಕಿಯವರ ಮನವಿಯನ್ನು ತಿರಸ್ಕರಿಸಲಾಗಿದೆ. ಎದುರಿಗೆ ಕುಳಿತಿರುವುದು, ಮಾತನಾಡುವುದು, ನೀರು ಕೇಳುವುದು ಇತ್ಯಾದಿಗಳು ಜೀವಂತವಾಗಿರುವುದಕ್ಕೆ ಪುರಾವೆಯಾಗುವುದಿಲ್ಲ.

5. ಆದಾಗ್ಯೂ ಅನುಕಂಪದ ಆಧಾರದ ಮೇಲೆ ಶಿಕ್ಷಕಿಯವರನ್ನೂ, ಜಾಲತಾಣದ ವಿಳಾಸ ಬರೆಯುವ ಜಾಗದಲ್ಲಿ ಅವರ ಹೆಸರು ನಮೂದಿಸಿ, ತಂತ್ರಾಂಶದಿಂದ ಪರೀಕ್ಷಿಸಲು ಯತ್ನಿಸಲಾಯಿತು. ‘ಇಂಥ ವಿಳಾಸ ಅಸ್ತಿತ್ವದಲ್ಲಿಲ್ಲ’ ಎಂದು ಅದು ವರದಿ ಮಾಡಿದೆ. ತಂತ್ರಾಂಶದ ಮಾತನ್ನು ಅನುಮಾನಿಸಲು ಕಂಡಿಕೆ 1ರಲ್ಲಿ ಅವಕಾಶವಿಲ್ಲ.

6. ತಿಂಗಳು ಮುಗಿದಿರುವುದರಿಂದ ಸದರಿಯವರ ಪಿಂಚಣಿಯನ್ನು ನಿಲ್ಲಿಸಲಾಗಿದೆ. ಅಂಧ ಬಳಕೆದಾರರ ದೂರುಗಳು ಒಂದರಿಂದ ಸೊನ್ನೆಗೆ ಇಳಿದಿರುವುದನ್ನು ವಾರ್ಷಿಕ ವರದಿಯ ಸಾಧನೆಗಳಲ್ಲಿ ಸೇರಿಸತಕ್ಕದ್ದು.

7. ಕೌಂಟರಿನ ಮುಂದಿನ ಬೆಂಚಿನ ಮೇಲೆ ಈಗಲೂ ಕುಳಿತಿರುವವರ ಬಗ್ಗೆ ಸಿಬ್ಬಂದಿ ಗಮನ ಹರಿಸತಕ್ಕದ್ದಲ್ಲ. ಬೆಂಚನ್ನು ತೆಗೆಸಲು ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

(ಸಹಿ ಇದೆ, ಓದಲು ಬರುವುದಿಲ್ಲ)
ಸುಗಮತಾ ಅಧಿಕಾರಿ
ಕೊಠಡಿ: ಮೂರನೇ ಮಹಡಿ, ಲಿಫ್ಟ್ ಇರುವುದಿಲ್ಲ

ಪ್ರತಿಗಳು:
ಪರೀಕ್ಷಾ ತಂತ್ರಾಂಶಕ್ಕೆ, ಅಭಿನಂದನೆಗಳೊಂದಿಗೆ.
ಗುಮಾಸ್ತರಿಗೆ, ಕುಡಿಯಲು ನೀರು ಕೊಟ್ಟಿದ್ದಕ್ಕೆ ಕಾರಣ ಕೇಳಿ.
ದಿವಂಗತ ಶಿಕ್ಷಕಿಯವರ ವಾರಸುದಾರರಿಗೆ, ಸಂತಾಪಪೂರ್ವಕ.
ಶಿಕ್ಷಕಿಯವರಿಗೆ: ಈ ಸುತ್ತೋಲೆಯ ಫೋಟೋ ತೆಗೆದು ಅವರ ಫೋನಿಗೆ ಕಳುಹಿಸಲಾಗಿದೆ. ವಿವರಣೆ: ‘ಚಿತ್ರ’.