ಎಡಗಡೆಯ ಮುಂದಿನ ಬಾಗಿಲು

ನಮ್ಮ ಮನೆಯಲ್ಲಿ ದುಃಖವನ್ನು ನೆಟ್ಟಗೆ ಆಚರಿಸಲು ಆಗುವುದೇ ಇಲ್ಲ. ಅಳಬೇಕೆಂದು ಕೂತರೆ ಏನಾದರೂ ಒಂದು ನಗೆಪಾಟಲು ಬಂದು ಬಾಗಿಲು ತಟ್ಟುತ್ತದೆ. ಹೋದ ವರ್ಷ ಅತ್ತೆ ತೀರಿಕೊಂಡ ಮೇಲಂತೂ ಅದು ತಟ್ಟದೆಯೇ ಒಳಗೆ ಬರತೊಡಗಿತು.

ಅತ್ತೆ ಹೋದ ಮೇಲೆ ಮಾವ ಮಾತು ಬಿಟ್ಟರು. ಊಟ ಅರ್ಧ ಬಿಟ್ಟರು. ಚಾಕಣದ ಕಾರ್ಖಾನೆಯೊಂದರಲ್ಲಿ ಫೋರಮನ್ ಆಗಿ ನಿವೃತ್ತರಾದ ಮನುಷ್ಯ, ವಯಸ್ಸು ಎಂಬತ್ತರ ಹತ್ತಿರ. ದಿನವಿಡೀ ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಕೆಳಗೆ ಪಾರ್ಕಿಂಗಿನಲ್ಲಿ ಧೂಳು ತಿನ್ನುತ್ತಿದ್ದ ತಮ್ಮ ಕಾರನ್ನು ನೋಡುತ್ತಿದ್ದರು. ನಾಲ್ಕು ಬಾಗಿಲಿನ ಹಳೇ ಕಾರು ಅದು. ಗೇರು ಸ್ಟೇರಿಂಗಿನ ಮಗ್ಗುಲಲ್ಲೇ ಇದೆ, ಮುಂದಿನ ಸೀಟು ದಿವಾನದ ಹಾಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ. ಧಾರವಾಡದಿಂದ ಬಂದು ಪುಣೆಯಲ್ಲಿ ತಳವೂರಿದ ಮೇಲೆ ಅವರು ಕೊಂಡ ಮೊದಲನೆಯ ಕಾರು, ಕೊನೆಯದೂ ಅದೇ. ಅತ್ತೆಯ ಕಾಯಿಲೆಯ ನಾಲ್ಕು ವರ್ಷ ಅದು ನಿಂತಲ್ಲೇ ನಿಂತಿತ್ತು.

ಅಷ್ಟರಲ್ಲಿ ಅದರ ನೋಂದಣಿಯ ಅವಧಿ ಮುಗಿಯುತ್ತ ಬಂತು. ಇನ್ನು ನಾಲ್ಕು ತಿಂಗಳಲ್ಲಿ ಓಡಿಸಿಕೊಂಡು ಹೋಗಿ ತಪಾಸಣೆಯಲ್ಲಿ ಪಾಸು ಮಾಡಿಸಬೇಕು, ಇಲ್ಲವಾದರೆ ಭಂಗಾರಕ್ಕೆ, ಅಂದರೆ ಗುಜರಿಗೆ. ನನ್ನ ಗಂಡ ಇದನ್ನು ಮೆಲ್ಲಗೆ ಹೇಳಿದಾಗ ಮಾವ ಬಹಳ ದಿನಗಳ ಮೇಲೆ ಒಂದು ಪೂರ್ತಿ ವಾಕ್ಯ ಆಡಿದರು.

"ಒಂದ ವರ್ಷದಾಗ ಇಬ್ಬರನ್ನ ಕಳಸೂದು ನನ್ನ ಕಡೆ ಆಗೂದಿಲ್ಲ."

ಮನುಷ್ಯ ಕುರ್ಚಿಯಿಂದ ಎದ್ದು ನಿಂತರೆ ಸಾಕು ಅಂತ ನಾವಿಬ್ಬರೂ ಹೂಂ ಅಂದೆವು. ಮರುದಿನ ಅವರು ಎದ್ದರು, ಕೆಳಗೆ ಹೋದರು, ಕಾರಿನ ಅಡಿಗೆ ಹೋಗಿ ಮತ್ತೆ ಮಲಗಿದರು.

ಎರಡು ಪಾದಗಳ ಜೊತೆ ಮಾತುಕತೆ

ಮಾವನ ತಮ್ಮ, ಅಂದರೆ ನಮ್ಮ ಕಾಕಾ, ಬೆಳಗಾವಿಯವರು. ಅಣ್ಣತಮ್ಮಂದಿರಿಗೆ ಇಪ್ಪತ್ತೈದು ವರ್ಷಗಳಿಂದ ಮಾತು ಅಷ್ಟಕ್ಕಷ್ಟೆ. ಕಾರಣ ಒಂದು ಸ್ಕ್ರೂಡ್ರೈವರ್. ಕೆಂಪು ಹಿಡಿಕೆಯದು, ಮಾವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕಾಕಾ ಬಂದು ನಾಲ್ಕು ದಿನ ಇದ್ದುಹೋದ ವಾರವೇ ಅದು ಕಾಣೆಯಾಯಿತು. ಮಾವ ಅಂದಿನಿಂದ ತಮ್ಮನನ್ನು ಕಳ್ಳ ಅಂತ ಬಾಯಿಬಿಟ್ಟು ಕರೆಯಲಿಲ್ಲ, ಅಷ್ಟೆ. ಕಾಕಾ ಬಂದಾಗ ಹತಾರದ ಪೆಟ್ಟಿಗೆಗೆ ಕೀಲಿ ಹಾಕುತ್ತಿದ್ದರು, ಅದೂ ಅವರ ಕಣ್ಣೆದುರಿಗೇ. ಅತ್ತೆ ಮಾತ್ರ ಪಾಪ, ಕಾಕಾ ಬಂದಾಗಲೆಲ್ಲ ಅವರ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸುತ್ತಿದ್ದರು.

ಕಾಲಿನ ಆಪರೇಷನ್ ಆಗಿದ್ದರಿಂದ ಕಾಕಾ ಹದಿಮೂರನೇ ದಿನಕ್ಕೆ ಬಂದಿರಲಿಲ್ಲ. ಕಾಲು ಸುಧಾರಿಸಿದ ಮೇಲೆ ಬಂದಾಗ ಮಾವ ಕಾರಿನ ಕೆಳಗಿದ್ದರು. ಕರೆದೆ, ಹೊರಗೆ ಬರಲಿಲ್ಲ. ಕಾಣುತ್ತಿದ್ದದ್ದು ಎರಡು ಪಾದ. ಕಾಕಾ ಒಂದು ಬಕೆಟ್ಟು ಬೋರಲು ಹಾಕಿಕೊಂಡು ಕೂತು ಆ ಪಾದಗಳಿಗೇ ಸಾಂತ್ವನ ಹೇಳಿದರು. ವೈನಿಯಂಥ ಅತ್ತಿಗೆ ಯಾರಿಗೂ ಸಿಗುವುದಿಲ್ಲ, ಧೈರ್ಯ ತಂದುಕೋ, ಹೊತ್ತು ಹೊತ್ತಿಗೆ ಊಟ ಮಾಡು ಅಂದರು. ಪಾದಗಳು ಅಲುಗಲಿಲ್ಲ. ವೈನಿಯ ಹೆಸರು ಬಂದಾಗ ಮಾತ್ರ ಎಡಗಾಲಿನ ಹೆಬ್ಬೆರಳು ಒಂದಿಷ್ಟು ಒಳಗೆ ಮಡಿಚಿಕೊಂಡಿತು.

ಅರ್ಧ ತಾಸಾದ ಮೇಲೆ ಕಾಕಾ ಕಣ್ಣೊರೆಸಿಕೊಂಡು, ನೋಯುವ ಕಾಲನ್ನು ಹೇಗೋ ಬಗ್ಗಿಸಿ, ಅಣ್ಣನ ಪಾದ ಮುಟ್ಟಿ ನಮಸ್ಕಾರ ಮಾಡಿದರು. ಆಗ ಕಾರಿನ ಅಡಿಯಿಂದ ದನಿ ಬಂತು.

"ಹೋಗೂ ಮುಂದ ಚೀಲಾ ತೋರ್ಸಿ ಹೋಗು."

ನಾಲ್ಕು ಶಿಟ್ಟಿ

ನಾನು ಪುಣೆಯ ಕ್ಯಾಂಪ್ ಭಾಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಒಂದು ಸಂಜೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಮಾವ ಬಂದು, ಹಳೇ ಲೋಹಕ್ಕೆ ಹಿಡಿದ ಹಸಿರು ಕಿಲುಬು ಹೋಗಬೇಕಾದರೆ ಏನು ಮಾಡಬೇಕು ಅಂತ ಕೇಳಿದರು. ಹುಳಿಯಾದದ್ದೇನಾದರೂ ಹಾಕಿ ಕುದಿಸಬೇಕು ಅಂತ ತಲೆ ಎತ್ತದೆ ಹೇಳಿದೆ. ವಿದ್ಯಾರ್ಥಿಗಳು ಯಾರೂ ನಾನು ಹೇಳಿದ್ದನ್ನು ಮನೆಗೆ ಹೋಗಿ ಮಾಡುವುದಿಲ್ಲವಾದ್ದರಿಂದ ನನಗೆ ಹೆದರಿಕೆ ಆಗಲಿಲ್ಲ.

ಮರುದಿನ ಅಡಿಗೆ ಮಾಡಲು ಬರುವ ಮಾವಶಿಯ ಫೋನು ಕಾಲೇಜಿಗೇ ಬಂತು. ಒಲೆಯ ಮೇಲೆ ಕುಕ್ಕರು ಇತ್ತಂತೆ. ನಾನೇ ಬೇಳೆ ಇಟ್ಟು ಹೋಗಿದ್ದೇನೆ ಅಂದುಕೊಂಡು ಆಕೆ ನಾಲ್ಕು ಶಿಟ್ಟಿ ಹೊಡೆಸಿ, ಮುಚ್ಚಳ ತೆಗೆದು, ಸೌಟು ಹಾಕಿದರೆ ಖಣ್ ಅಂತಂತೆ. ಒಳಗಿದ್ದದ್ದು ಹನ್ನೆರಡು ಲಿಂಬೆಹಣ್ಣು ಮತ್ತು ಕಾರಿನ ಕಾರ್ಬುರೇಟರ್. ಇಪ್ಪತ್ತು ವರ್ಷದಿಂದ ಅಡಿಗೆ ಮಾಡುತ್ತಿದ್ದೇನೆ, ಇಂಥದ್ದು ಬೇಯಿಸಿಲ್ಲ, ನಾಳೆಯಿಂದ ಬರುವುದಿಲ್ಲ ಅಂತ ಮರಾಠಿಯಲ್ಲಿ ಖಡಕ್ಕಾಗಿ ಹೇಳಿ ಫೋನು ಇಟ್ಟರು.

ಕುಕ್ಕರನ್ನು ಮೂರು ಸಲ ತಿಕ್ಕಿದೆ. ಅದರಲ್ಲೇ ಬೇಳೆ ಬೇಯಿಸಿ ಸಾರು ಮಾಡಿದೆ. ನನಗೂ ಗಂಡನಿಗೂ ಎರಡನೇ ತುತ್ತು ಇಳಿಯಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಬಾಯಿ ತೆರೆದು ನಿಂತ ಹಾಗೆ ಆಗುತ್ತಿತ್ತು. ಎಂಟು ತಿಂಗಳಿಂದ ಅರ್ಧ ಊಟಕ್ಕೇ ಏಳುತ್ತಿದ್ದ ಮಾವ ಎರಡು ಸಲ ಅನ್ನ ಹಾಕಿಸಿಕೊಂಡು ಸುರಿದುಕೊಂಡು ಉಂಡರು. ಕೈ ತೊಳೆಯುತ್ತ ನನ್ನ ಕಡೆ ತಿರುಗಿ ಅಂದರು: "ಇವತ್ತ ಸಾರಿಗೆ ರುಚಿ ಹತ್ತೇದ ನೋಡವಾ."

ಎರಡು ಪಾಟಿ

ಇಂಜಿನ್ನು ಬಿಚ್ಚಿ ಚಾದರದ ಮೇಲೆ ಹರವಿದ ಮೇಲೆ ನಮ್ಮ ಅಪಾರ್ಟ್‌ಮೆಂಟ್ ಸೊಸಾಯಿಟಿಯಲ್ಲಿ ಗುಸುಗುಸು ಶುರುವಾಯಿತು. ಬೆಳಿಗ್ಗೆ ಬರುವ ಭಂಗಾರದವನು ಗೇಟಿನಲ್ಲಿ ಕೂಗುವುದನ್ನು ಬಿಟ್ಟು ನೇರ ನಮ್ಮ ಕಾರಿನ ಎದುರಿಗೇ ಬಂದು ನಿಂತು ಕೂಗತೊಡಗಿದ. ಮಾವನ ಮುಖ ಮತ್ತೆ ಬಾಲ್ಕನಿಯ ದಿನಗಳ ಮುಖವಾಯಿತು.

ಪುಣೆಯಲ್ಲಿ ಜಗಳವಾಡುವವರು ಮೊದಲು ಬಾಯಿ ತೆರೆಯುವುದಿಲ್ಲ, ಪಾಟಿ, ಅಂದರೆ ಫಲಕ, ಬರೆದು ತೂಗುಹಾಕುತ್ತಾರೆ. ಐವತ್ತು ವರ್ಷ ಇಲ್ಲಿ ಬಾಳಿದ ಮಾವನಿಗೆ ಆ ವಿದ್ಯೆ ಬಂದಿತ್ತು. ರಟ್ಟಿನ ಮೇಲೆ ದಪ್ಪ ಅಕ್ಷರದ ಮರಾಠಿಯಲ್ಲಿ ಬರೆದು ಕಾರಿಗೆ ಕಟ್ಟಿದರು. ಅದರ ಅರ್ಥ ಇಷ್ಟು: ‘ಈ ಗಾಡಿ ಭಂಗಾರ ಅಲ್ಲ. ಮಾಲೀಕನ ಬಗ್ಗೆ ಖಾತ್ರಿ ಹೇಳಲಾಗದು.’

ಓದಿದಾಗ ನಗಬೇಕೋ ಮನೆಗೆ ಹೋಗಿ ಅಳಬೇಕೋ ತಿಳಿಯಲಿಲ್ಲ. ಸೊಸಾಯಿಟಿಯ ಸೆಕ್ರೆಟರಿಗೆ ಅಂಥ ಗೊಂದಲವೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅದರ ಕೆಳಗೇ ಇನ್ನೊಂದು ಪಾಟಿ ತೂಗುತ್ತಿತ್ತು: ‘ಇಬ್ಬರನ್ನೂ ಪಾರ್ಕಿಂಗಿನ ಹಳದಿ ಗೆರೆಯ ಒಳಗೆ ಇಡತಕ್ಕದ್ದು.’

ದಾರಿ ಹೇಳುವಾಕಿ

ನನ್ನ ಗಂಡ ಹಡಪಸರದ ಐಟಿ ಆಫೀಸಿನವರು. ಕಾರು ರಿಪೇರಿ ಆಗುವುದೇ ಹೌದಾದರೆ ಅದಕ್ಕೆ ಎಸಿ, ಹಿಂದೆ ನೋಡುವ ಕ್ಯಾಮೆರಾ, ಪರದೆ ಎಲ್ಲ ಹಾಕಿಸೋಣ ಅಂತ ಪಟ್ಟಿ ಮಾಡಿದರು. ಮಾವ ಪಟ್ಟಿಯನ್ನು ಮಡಿಚಿ ಅಲುಗಾಡುವ ಕನ್ನಡಿಯ ಸಂದಿಗೆ ಒತ್ತಿದರು. ಕನ್ನಡಿ ಅಲುಗಾಡುವುದು ನಿಂತಿತು. ಮಗನ ಮುಖ ಬಾಡಿದ್ದಕ್ಕೆ ಕೊನೆಗೆ ಹೊಸ ಬೆಲ್ಟುಗಳಿಗೂ ಫೋನು ಇಡುವ ಒಂದು ಸ್ಟ್ಯಾಂಡಿಗೂ ಒಪ್ಪಿದರು.

ಇಂಜಿನ್ನು ಜೀವ ಹಿಡಿದ ರವಿವಾರ ಮೊದಲ ಸವಾರಿ ಹೊರಟೆವು. ಮಾವ ಸ್ಟೇರಿಂಗಿಗೆ, ನಾವಿಬ್ಬರೂ ಹಿಂದೆ. ಮುಂದೆ ಎಡಗಡೆ ಅತ್ತೆಯ ಜಾಗ. ಅಲ್ಲಿ ಕೂಡು ಅಂತ ಯಾರೂ ಯಾರಿಗೂ ಹೇಳಲಿಲ್ಲ. ಗಂಡ ಫೋನಿನಲ್ಲಿ ದಾರಿ ಹೇಳುವ ಹೆಂಗಸನ್ನು ಶುರುಮಾಡಿದರು. ಎಡಕ್ಕೆ ತಿರುಗಿ ಅಂದಳು, ಮಾವ ಬಲಕ್ಕೆ ತಿರುಗಿಸಿದರು. ಮುಂದಿನ ತಿರುವಿನಲ್ಲಿ ಹಿಂದಿರುಗಿ ಅಂದಳು, ನೆಟ್ಟಗೆ ಹೋದರು. ಹೀಗೇ ಹಡಪಸರದ ಗದ್ದಲದಲ್ಲಿ ಒಂದು ತಾಸು ಸುತ್ತಿದೆವು. ಅತ್ತೆಯೂ ಹಾಗೇ, ದಾರಿ ಗೊತ್ತಿರಲಿ ಬಿಡಲಿ ಹೇಳುತ್ತಲೇ ಇರುತ್ತಿದ್ದರು. ಕೇಳದಿದ್ದರೆ ಸೆರಗು ಕೊಡವಿ ಕಿಟಕಿಯ ಕಡೆ ಮುಖ ತಿರುಗಿಸಿ ಮನೆ ಬರುವತನಕ ಮಾತು ಬಿಡುತ್ತಿದ್ದರು.

ಕೊನೆಗೆ ಮಾವ ಗಾಡಿ ಬದಿಗೆ ನಿಲ್ಲಿಸಿ, ಫೋನು ಕಿತ್ತು ಹಿಂದೆ ಮಗನ ಕೈಗೆ ಕೊಟ್ಟರು.

"ಇಕಿಗೂ ದಾರಿ ಗೊತ್ತಿಲ್ಲ. ಆದ್ರ ಇಕಿಗೆ ಸಿಟ್ಟ ಬರೂದಿಲ್ಲ. ಎದಕ್ಕ ಬೇಕು?"

ಕಳ್ಳ ಸಿಕ್ಕದ್ದು

ಈಗ ಆ ಬಾಗಿಲಿನ ಮಾತು ಹೇಳಬೇಕು. ಅತ್ತೆಯ ಕಡೆಯ ಮುಂದಿನ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಇಪ್ಪತ್ತು ವರ್ಷ, ಗಾಡಿ ಎಲ್ಲಿ ನಿಂತರೂ ಮಾವ ಇಳಿದು, ಮುಂದಿನಿಂದ ಸುತ್ತಿ ಹೋಗಿ, ಹೊರಗಿನಿಂದ ಬಾಗಿಲು ತೆರೆದು ಹಿಡಿಯಬೇಕು. ಆಮೇಲೆ ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಸಾವಕಾಶ ಇಳಿಯುವರು. ಅತ್ತೆಯ ಭಜನಾ ಮಂಡಳದಲ್ಲಿ ಇದರಿಂದ ಮಾವನಿಗೆ ಬಂದ ಹೆಸರು ಅಷ್ಟಿಷ್ಟಲ್ಲ. ಉಳಿದ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ಮಾವನನ್ನು ತೋರಿಸಿ ತೋರಿಸಿ ಅವರ ಬಾಳು ಹಾಳುಮಾಡಿದ್ದರು. ಇಡೀ ಕಾರ್ಖಾನೆ ರಿಪೇರಿ ಮಾಡುವ ಮನುಷ್ಯ ಈ ಬಾಗಿಲು ಬಿಚ್ಚಲು ಕೂತಾಗಲೆಲ್ಲ ಅತ್ತೆ ಅಡ್ಡ ಬರುತ್ತಿದ್ದರು. ಬ್ಯಾಡ್ರಿ, ಹೊರಗಿಂದಾದ್ರೂ ತೆಗೀತದ, ಬಿಚ್ಚಿದ್ರ ಅದೂ ಹೋಗ್ತದ ಅನ್ನುತ್ತಿದ್ದರು.

ತಪಾಸಣೆಗೆ ವಾರ ಇರುವಾಗ ಉಳಿದದ್ದು ಅದೊಂದೇ ಕೆಲಸ. ಮಾವ ಬಾಗಿಲಿನ ಒಳಗಿನ ಹೊದಿಕೆ ಬಿಚ್ಚಿದರು. ನಾನು ಟಾರ್ಚು ಹಿಡಿದಿದ್ದೆ. ಒಳಗೆ ಯಾವುದೂ ಮುರಿದಿರಲಿಲ್ಲ. ಹಿಡಿಕೆಯಿಂದ ಚಿಲಕಕ್ಕೆ ಹೋಗುವ ಕಡ್ಡಿಯನ್ನು ಕೊಂಡಿಯಿಂದ ಹೊರಗೆ ಎಳೆದು, ಪಕ್ಕದ ಒಂದು ತೂತಿಗೆ ಬಟ್ಟೆಯ ಪಟ್ಟಿಯಿಂದ ಕಟ್ಟಿಹಾಕಿತ್ತು. ಹಸಿರು ಗುಳೇದಗುಡ್ಡದ ಖಣ, ಅತ್ತೆಯ ಹಳೇ ಕುಪ್ಪಸದ್ದು. ಗಂಟೂ ಅವರದೇ. ಉಪ್ಪಿನಕಾಯಿಯ ಭರಣಿಯ ಬಾಯಿಗೆ ಕಟ್ಟುತ್ತಿದ್ದರಲ್ಲ, ಎರಡು ಸುತ್ತು ಹಾಕಿ ಒಂದು ಕಿವಿ ಬಿಡುವುದು, ಅದೇ ಗಂಟು.

ಬಾಗಿಲಿನ ತಳದಲ್ಲಿ, ತುಕ್ಕಿನ ಪುಡಿಯ ನಡುವೆ, ಕೆಂಪು ಹಿಡಿಕೆಯ ಸ್ಕ್ರೂಡ್ರೈವರ್ ಬಿದ್ದಿತ್ತು. ಕೈ ಜಾರಿ ಬಿದ್ದಿರಬೇಕು. ಹೇಳಿದರೆ ಬಾಗಿಲಿನ ಕಥೆ ಹೊರಗೆ ಬರುತ್ತದೆ ಅಂತ ಅತ್ತೆ ಸುಮ್ಮನಿದ್ದುಬಿಟ್ಟರು.

ಮಾವ ಬಹಳ ಹೊತ್ತು ನೋಡಿದರು. ನಾನು ಟಾರ್ಚನ್ನು ಅವರ ಮುಖದಿಂದ ಆಚೆ ತಿರುಗಿಸಿದೆ. ಆಮೇಲೆ ಕೈ ಒರೆಸಿಕೊಂಡು ಬೆಳಗಾವಿಗೆ ಫೋನು ಮಾಡಿ, ಸಿಕ್ಕಿತು, ನಿಮ್ಮ ವೈನಿ ಇಟ್ಟಿದ್ದಳು ಅಂತ ಹೇಳಿದರು. ಆ ಕಡೆಯಿಂದ ಕಾಕಾ ಅಂದರು: "ಅದಕ್ಕನಽ ಎರಡ ಹೋಳಿಗಿ."

ಸಾಹೇಬರ ಸವಾರಿ

ಕಡ್ಡಿಯನ್ನು ಕೊಂಡಿಗೆ ಸಿಗಿಸಲು ಅರ್ಧ ನಿಮಿಷ ಸಾಕು. ಮಾವ ಆ ಗಂಟನ್ನು ಇನ್ನಷ್ಟು ಬಿಗಿ ಮಾಡಿ ಹೊದಿಕೆ ಮುಚ್ಚಿದರು. ಗಂಡ ಹೌಹಾರಿದರು. ಒಂದು ಬಾಗಿಲು ಒಳಗಿನಿಂದ ತೆರೆಯದಿದ್ದರೆ ತಪಾಸಣೆಯಲ್ಲಿ ಫೇಲು, ಫೇಲಾದರೆ ನಾಲ್ಕು ತಿಂಗಳ ಕೆಲಸ ನೇರ ಭಂಗಾರಕ್ಕೆ ಅಂತ ಬಿಡಿಸಿ ಬಿಡಿಸಿ ಹೇಳಿದರು.

"ಕೆಟ್ಟದ್ದನ್ನ ರಿಪೇರಿ ಮಾಡ್ತಾರ," ಅಂದರು ಮಾವ. "ಇದು ಕೆಟ್ಟಿಲ್ಲ."

ಗಂಡನ ಆಫೀಸಿಗೆ ರಜೆ ಇರಲಿಲ್ಲ, ನಾನೇ ಜೊತೆಗೆ ಹೋದೆ. ತಪಾಸಣೆಯ ಸಾಹೇಬರು ಸಿಡುಕು ಮೋರೆಯವರು. ದೀಪ ನೋಡಿದರು, ಹಾರ್ನು ಕೇಳಿದರು, ಹೊರಗಿನಿಂದಲೇ ಬಾಗಿಲು ತೆರೆದು ಎಡಗಡೆ ಮುಂದೆ ಕೂತರು. ಅತ್ತೆಯ ಜಾಗದಲ್ಲಿ. ಮೈದಾನದಲ್ಲಿ ಒಂದು ಸುತ್ತು ಹೊಡೆಸಿ, ಬ್ರೇಕು ಹಾಕಿಸಿ, ಸಾಕು ನಿಲ್ಲಿಸಿ ಅಂದರು. ನಾನು ದೂರದಲ್ಲಿ ಬೇವಿನ ಗಿಡದ ಕೆಳಗೆ ನಿಂತು, ಇನ್ನೇನು ಹಿಡಿಕೆ ಎಳೆಯುತ್ತಾರೆ, ಮುಗಿಯಿತು, ನಾಳೆಯಿಂದ ಮಾವ ಮತ್ತೆ ಬಾಲ್ಕನಿಗೆ ಅಂದುಕೊಂಡೆ.

ಗಾಡಿ ನಿಂತದ್ದೇ ತಡ, ಮಾವ ಇಳಿದಿದ್ದರು. ಯೋಚನೆ ಮಾಡಿ ಇಳಿದದ್ದಲ್ಲ ಅದು, ಕಾಲುಗಳ ರೂಢಿ. ಮುಂದಿನಿಂದ ಸುತ್ತಿ ಬಂದು, ಬಾಗಿಲು ತೆರೆದು, ಒಂದು ಕೈಯಿಂದ ಹಿಡಿದು ಒಂದಿಷ್ಟು ಬಾಗಿ ನಿಂತರು. ಸಾಹೇಬರ ಕೈ ಹಿಡಿಕೆಗೆ ಆಗಷ್ಟೇ ತಾಗಿತ್ತು. ಅವರು ತೆರೆದ ಬಾಗಿಲನ್ನು ನೋಡಿದರು, ಬಿಸಿಲಿನಲ್ಲಿ ನಿಂತ ಮುದುಕನನ್ನು ನೋಡಿದರು. ಅವರಿಗೆ ಹೀಗೆ ಯಾರೂ ಯಾವತ್ತೂ ಬಾಗಿಲು ತೆಗೆದಿರಲಿಲ್ಲವೇನೋ. ಅಂಗಿ ಜಗ್ಗಿ ಸರಿಮಾಡಿಕೊಂಡು, ಅತ್ತೆಯಷ್ಟೇ ಸಾವಕಾಶವಾಗಿ ಇಳಿದರು. ಕಾಗದಕ್ಕೆ ಸಹಿ ಹಾಕಿ, ನನ್ನ ಕೈಗೆ ಕೊಡುತ್ತ, ಆ ಕಾಲದವರ ಸಂಸ್ಕಾರವೇ ಬೇರೆ ಮೇಡಂ ಅಂತ ಮರಾಠಿಯಲ್ಲಿ ಹೇಳಿದರು.

ಆ ಖುಷಿಯಲ್ಲಿ ನಾನೂ ಯೋಚಿಸದೆ ಮುಂದೆ ಹತ್ತಿ ಕೂತೆ. ಮಾವ ಒಂದು ಸಲ ನನ್ನ ಕಡೆ ನೋಡಿ ಗಾಡಿ ಶುರುಮಾಡಿದರು. ಸೊಸಾಯಿಟಿಗೆ ಬಂದು ಹಳದಿ ಗೆರೆಯ ಒಳಗೆ ಗಾಡಿ ನಿಲ್ಲಿಸಿದರು, ಇಳಿದರು, ಮುಂದಿನಿಂದ ಸುತ್ತಿ ಬಂದರು. ನಾನೂ ಸೀರೆಯ ನೆರಿಗೆ ಸರಿಮಾಡಿಕೊಂಡು ಕಾದೆ. ಮಾವ ಬಾಗಿಲಿನ ಹತ್ತಿರ ಬಂದು, ಗಾಜಿನೊಳಗೆ ಬಗ್ಗಿ ನೋಡಿ, ನೆಟ್ಟಗೆ ನಿಂತರು.

"ನೀ ಆ ಕಡೆಯಿಂದ ಇಳೀವಾ," ಅಂದರು. "ಇದು ನಿಮ್ಮತ್ತೀ ಬಾಗಲಾ."

ಹಾಗೆ ಹೇಳಿ ಲಿಫ್ಟಿನ ಕಡೆ ನಡೆದರು. ನಾನು ಇಡೀ ಸೀಟಿನುದ್ದಕ್ಕೂ ಕೂತಲ್ಲೇ ಜರುಗುತ್ತ, ಸೆರಗನ್ನು ಗೇರಿಗೆ ಸಿಕ್ಕಿಸಿಕೊಂಡು, ಬಿಡಿಸಿಕೊಂಡು, ಸ್ಟೇರಿಂಗಿನ ಕೆಳಗಿನಿಂದ ಒಂದು ಕಾಲು ಹೊರಗೆ ಹಾಕುವಷ್ಟರಲ್ಲಿ ಎದುರಿಗೆ ಸೆಕ್ರೆಟರಿ ನಿಂತಿದ್ದರು. ಕೈಯಲ್ಲಿ ಹೊಸ ಪಾಟಿಗೆ ರಟ್ಟು ಇತ್ತು.