ಪುಡಿ ಹಾಕದ ಅರ್ಧ ಎಕರೆ

ಒಳ್ಳೆಯ ಬ್ಯಾಕ್ಟೀರಿಯಾ ಮಾರುವ ಕಂಪನಿಗೆ ಪ್ರಚಾರ ಮಾಡುವವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮನೆ ಬಾಗಿಲಿಗೆ ಬರುತ್ತದೆ. ಶೇಂಗಾ ಬೀಜಕ್ಕೆ ಸವರಿ ಬಿತ್ತಿದರೆ ಬೇರಿಗೆ ಬಲ ಕೊಡುವ ಪುಡಿ ನಮ್ಮದು. ಪೋಸ್ಟರು, ವಿಡಿಯೊ, ರೈತರ ಸಭೆ ಎಲ್ಲ ನನ್ನ ತಲೆಗೆ. ಈ ಹಂಗಾಮಿನಲ್ಲಿ ಜನ ಪುಡಿ ಕೇಳದಿದ್ದರೆ ಚಳ್ಳಕೆರೆ ಕಚೇರಿಯನ್ನೇ ಮುಚ್ಚುತ್ತೇವೆ ಎಂದು ಬೆಂಗಳೂರಿನ ಮ್ಯಾನೇಜರು ಹೇಳಿಬಿಟ್ಟಿದ್ದರು. ಚಳ್ಳಕೆರೆ ಕಚೇರಿ ಎಂದರೆ ನಾನೊಬ್ಬನೇ.

೧. ದುಡ್ಡು ಕೊಟ್ಟು ಹುಳ

ಮೊದಲು ಪೋಸ್ಟರು ಬಂತು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾವನ್ನು ಮೊರದಗಲ ಮಾಡಿ, ಮೈಗೆಲ್ಲ ಕೂದಲಿಟ್ಟು ಬರೆದಿದ್ದರು. ಬೀಜದ ಅಂಗಡಿಯ ಮುಂದೆ ಅಂಟಿಸಿದೆ. ಬೀಜ ಕೊಳ್ಳಲು ಬಂದಿದ್ದ ಅಜ್ಜಿಯೊಬ್ಬರು ಅದನ್ನು ಬಹಳ ಹೊತ್ತು ನೋಡಿದರು.

"ಇದು ಹೊಲಕ್ಕೆ ಬಿದ್ರೆ ಯಾವ ಔಷಧಿ ಹೊಡಿಬೇಕಪ್ಪಾ?"

"ಅಯ್ಯೋ, ಇದು ಒಳ್ಳೇದವ್ವಾ. ಇದನ್ನೇ ನಾವು ಮಾರೋದು."

ಅಜ್ಜಿ ಅಂಗಡಿಯವನ ಕಡೆ ತಿರುಗಿದರು. "ಹುಳ ಸಾಯ್ಸೋಕೂ ನಿನ್ ತಾವೇ ಬರ್ಬೇಕು, ಹುಳ ಬಿಡೋಕೂ ನಿನ್ ತಾವೇ ಬರ್ಬೇಕು. ನೀನು ಬದುಕ್ಕಂಡೆ ಬಿಡು."

೨. ಮಳೆಯ ಹೆಸರು

ನನ್ನಿವಾಳ ಎಂಬ ಊರಿನ ಹಿರಿಯ ರೈತರೊಬ್ಬರು ಹೋದ ವರ್ಷ ನಮ್ಮ ಪುಡಿ ಹಾಕಿ ಒಳ್ಳೆಯ ಬೆಳೆ ತೆಗೆದಿದ್ದರು. ಅವರನ್ನು ಹೊಲದಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿದೆ.

"ಮಳೆ ಚೆನ್ನಾಗಿ ಬಂತು. ಪುಡೀನೂ ಹಾಕಿದ್ವಿ" ಎಂದರು.

"ಮಳೆ ಬಿಡ್ರಿ ಯಜಮಾನ್ರೇ, ಪುಡಿದಷ್ಟೇ ಹೇಳ್ರಿ."

ಮೂರು ಸಲ ತೆಗೆದೆ, ಮೂರು ಸಲವೂ ಮೊದಲು ಮಳೆಯೇ ಬಂತು. ಕೊನೆಗೆ ಕೈ ಮುಗಿದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ತಪ್ಪು ತಿಳ್ಕಬ್ಯಾಡ ತಮ್ಮಾ. ನಿಮ್ ಕಂಪನಿಗೆ ಬೇಜಾರಾದ್ರೆ ಫೋನ್ ಮಾಡಿ ಬೈತೈತೆ. ಮಳೆಗೆ ಬೇಜಾರಾದ್ರೆ ಫೋನೂ ಇಲ್ಲ, ಬರೋದೂ ಇಲ್ಲ."

೩. ಪಂಕ್ತಿಭೇದ

ಇನ್ನು ಉಳಿದದ್ದು ಕಣ್ಣಾರೆ ತೋರಿಸುವ ದಾರಿ. ಬಿ.ಜಿ. ಕೆರೆ ಊರಿನ ರೈತರೊಬ್ಬರ ಒಂದು ಎಕರೆಗೆ ಬಿತ್ತನೆಗೆ ಮೊದಲೇ ಗೂಟ ಹೊಡೆದು ಎರಡು ಭಾಗ ಮಾಡಿದೆ. ಅರ್ಧಕ್ಕೆ ಪುಡಿ ಸವರಿದ ಬೀಜ, ಅರ್ಧಕ್ಕೆ ಬರೀ ಬೀಜ. ಬೆಳೆ ಬಂದ ಮೇಲೆ 'ಹಾಕಿದ್ದು', 'ಹಾಕದ್ದು' ಎಂದು ಎರಡು ಬೋರ್ಡು ನೆಟ್ಟು ರೈತರಿಗೆ ವ್ಯತ್ಯಾಸ ತೋರಿಸುವುದು ಲೆಕ್ಕಾಚಾರ. ನಡುವೆ ಒಮ್ಮೆ ಹೋಗಿ ನೋಡಬೇಕಿತ್ತು. ಊರೂರು ಪೋಸ್ಟರು ಹಂಚುವುದರಲ್ಲಿ ಮುಳುಗಿದ್ದೆ.

ಬೆಳೆ ತೋರಿಸಲು ಸುತ್ತಲಿನ ರೈತರನ್ನೂ ಮ್ಯಾನೇಜರನ್ನೂ ಕರೆದಿದ್ದ ದಿನ ಬೋರ್ಡು ಹೊತ್ತು ಹೋದೆ. ಪುಡಿ ಹಾಕಿದ ಅರ್ಧ ಚೆನ್ನಾಗಿಯೇ ಇತ್ತು. ಹಾಕದ ಅರ್ಧ ಅದರ ಎರಡರಷ್ಟು ಹುಲುಸಾಗಿತ್ತು. ಬೋರ್ಡು ಕೆಳಗಿಟ್ಟೆ.

"ಏನ್ ಮಾಡಿದ್ರಿ ಯಜಮಾನ್ರೇ?"

"ಒಂದೇ ಪಂಕ್ತೀಲಿ ಕೂರ್ಸಿ ಒಬ್ರಿಗೆ ಬಡ್ಸಿ, ಇನ್ನೊಬ್ರಿಗೆ ಬರೀ ಎಲೆ ಹಾಕಿದ್ರೆ ಹೆಂಗ್ರಿ? ಮನಸ್ಸು ತಡೀಲಿಲ್ಲ. ಬಿತ್ತೋಕೆ ಮುಂಚೆ ಆ ಕಡೀಕೆ ನಾಕು ದಿನ ಕುರಿ ಮಂದೆ ನಿಲ್ಲಿಸ್ದೆ, ಗೊಬ್ಬರ ಆಗ್ಲಿ ಅಂತ. ನಿಮ್ ಕಡೀಕೆ ಒಂದು ಕುರೀನೂ ಬಿಟ್ಟಿಲ್ಲ, ಬೇಕಾದ್ರೆ ಇವನ್ನ ಕೇಳ್ರಿ" ಎಂದು ಪಕ್ಕದಲ್ಲಿದ್ದ ಕುರಿಗಾಹಿಯನ್ನು ತೋರಿಸಿದರು.

ಅಷ್ಟರಲ್ಲಿ ಮ್ಯಾನೇಜರ ಕಾರು ಬಂತು. ನನ್ನ ಮುಖ ನೋಡಲಾರದೆ ಹೊಲದ ಯಜಮಾನರು ಮೆಲ್ಲಗೆ, "ಬೋರ್ಡು ಆ ಕಡೆದು ಈ ಕಡೀಕೆ ನೆಡ್ಲೇನ್ರಿ?" ಎಂದರು. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸೇರಿದ ಅಷ್ಟೂ ಜನರಿಗೆ ಆ ಕುರಿಗಾಹಿ ಗೊತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಎಲ್ಲರೆದುರು ಹೇಳಿಬಿಟ್ಟೆ.

ಕೇಳಿದ ಜನ ನಮಗೆ ಬೆನ್ನು ಹಾಕಿ ಕುರಿಗಾಹಿಯನ್ನು ಸುತ್ತಿಕೊಂಡರು. ಮುಂದಿನ ಬಿತ್ತನೆಗೆ ನಮ್ಮ ಹೊಲಕ್ಕೆ ಬಾ, ಮೊದಲು ನಮ್ಮ ಹೊಲಕ್ಕೆ ಬಾ ಎಂದು ಒಬ್ಬರ ಮೇಲೊಬ್ಬರು ಕರೆದರು. ಮ್ಯಾನೇಜರು ನನಗೆ, "ಕಚೇರಿ ವಿಷಯ ನಾಳೆ ಮಾತಾಡೋಣ" ಎಂದರು.

ಕುರಿಗಾಹಿಗೆ ಅದು ಕೇಳಿಸಿತು. ಕಂಬಳಿ ಸರಿಮಾಡಿಕೊಂಡು ಹತ್ತಿರ ಬಂದ. "ಪರ್ವಾಲೇದು ಸಾರ್, ಚಿಂತೆ ಬ್ಯಾಡ. ಇವ್ರು ಕೆಲ್ಸ ಬಿಡ್ಸಿದ್ರೆ ನಮ್ ತಾವ ಬರ್ರಿ. ನಮ್ಮಪ್ಪನ ಕಾಲದಿಂದ ನಮ್ ಕುರಿಗೆ ಇಂಥ ಪ್ರಚಾರ ಯಾರೂ ಮಾಡಿರ್ಲಿಲ್ಲ."

ಗಂಟು ಮುಖದ ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಅವನಿಗೆ ಹೇಳಿದರು: "ಇವನನ್ನ ಬಿಡ್ಸೋ ಹಾಗಿಲ್ಲಪ್ಪಾ. ಇವನು ನಿನ್ನ ಕಡೆ ಬಂದ್ರೆ ನಾವು ಬೆಂಗಳೂರಿನ ಕಚೇರೀನೂ ಮುಚ್ಚಬೇಕಾಗುತ್ತೆ."