ರೊಟ್ಟಿ ಮುರಿಯುವ ಗಾಡಿ

ಹೊಟ್ಟೆನೋವು ಬಂದಿದೆ ಎಂದು ಹೇಳಿದರೆ ಕೇಳಿದವರು ದವಾಖಾನೆಗೆ ಹೋಗು ಎನ್ನುತ್ತಾರೆ. ಗಾಡಿ ನಡುಗುತ್ತಿದೆ ಎಂದು ಹೇಳಿ ನೋಡಿ, ಕೇಳಿದವರೇ ಡಾಕ್ಟರಾಗಿಬಿಡುತ್ತಾರೆ. ಗ್ಯಾರೇಜಿಗೆ ಹೋಗು ಎನ್ನುವಷ್ಟು ವಿನಯವಿರುವ ಗಂಡಸನ್ನು ನರಗುಂದದಲ್ಲಿ ನಾನಿನ್ನೂ ಕಂಡಿಲ್ಲ. ಸೈಕಲ್ಲಿನ ಚೈನು ಕಳಚಿದರೆ ಹಾಕಲು ಬಾರದವನೂ ಬಾನೆಟ್ಟಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಗೇರ್ ಬಾಕ್ಸಿಂದು" ಎನ್ನುತ್ತಾನೆ. ಇದನ್ನು ನಾನು ಆಕ್ಷೇಪಣೆಯೆಂದು ಹೇಳುತ್ತಿಲ್ಲ. ಇಂಥವರ ಸಾಲಿನಲ್ಲಿ ನಾನೇ ಮುಂದೆ ನಿಂತವನು. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದನ್ನು ಪಡಸಾಲೆಯಲ್ಲಿ ಕೂತು ಕೇಳಿ ಅದರ ರೋಗ ಹೇಳಬಲ್ಲೆ ಎಂಬ ನಂಬಿಕೆ ನನಗೆ ಮೊದಲೂ ಇತ್ತು, ಇಷ್ಟೆಲ್ಲ ಆದ ಮೇಲೂ ಇದೆ. ಅಂಥ ನನ್ನ ಸ್ವಂತ ಪಿಕಪ್ ಗಾಡಿಯೇ ನಡುಗಲು ಶುರು ಮಾಡಿದಾಗ ನನಗೆ ಚಿಂತೆಯಾಗಲಿಲ್ಲ. ಖರೇ ಹೇಳಬೇಕೆಂದರೆ, ಕೈಗೆ ಒಳ್ಳೆಯ ಕೆಲಸ ಸಿಕ್ಕಿತು ಎಂದು ಖುಷಿಯೇ ಆಯಿತು.

ಗಾಡಿ ಯಾಕೆ ಬಂತು ಎಂಬುದನ್ನು ಮೊದಲು ಹೇಳಬೇಕು. ನನ್ನ ಹೆಂಡತಿ ನೀಲಾ ಜೋಳದ ಖಡಕ್ ರೊಟ್ಟಿ ಮಾಡಿಸಿ ಮಾರುತ್ತಾಳೆ. ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಬೆಳಗಾದರೆ ರೊಟ್ಟಿ ಬಡಿಯುವ ಸಪ್ಪಳ. ಓಣಿಯ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಅವರಲ್ಲಿ ಹಿರಿಯಳು ಶಾಂತವ್ವ. ಅವಳು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತ ಮನುಷ್ಯ ಕಾಣುತ್ತಾನೆ ಎಂದು ನಾನು ಗಿರಾಕಿಗಳ ಮುಂದೆ ಹೇಳುವುದುಂಟು. ಮನುಷ್ಯ ಕಾಣದಿದ್ದರೂ ಕಿಟಕಿಯಂತೂ ಕಾಣುತ್ತದೆ. ಬೆಂದು, ಆಮೇಲೆ ಒಲೆಯ ಕಾವಿಗೆ ಒರಗಿ ಒಣಗಿದ ಈ ರೊಟ್ಟಿ ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಕೆಡುವುದಿಲ್ಲ, ಆದರೆ ಮುರಿಯುತ್ತದೆ. ತಾಟಿಗೆ ಬಿದ್ದ ದುಂಡನೆಯ ರೊಟ್ಟಿಯನ್ನು ಟಪ್ಪೆಂದು ಮುರಿಯುವುದು ಉಣ್ಣುವವನ ಹಕ್ಕು. ಆ ಕೆಲಸವನ್ನು ದಾರಿಯಲ್ಲೇ ಮುಗಿಸಿಕೊಟ್ಟರೆ ಅದನ್ನು ಯಾರೂ ಉಪಕಾರವೆಂದು ತಿಳಿಯುವುದಿಲ್ಲ. ರೊಟ್ಟಿ ಮಾಡಿಸುವುದು ನೀಲಾಳ ಖಾತೆ. ಅದನ್ನು ರೋಣ, ಗಜೇಂದ್ರಗಡದ ಖಾನಾವಳಿಗಳಿಗೆ ಮುಟ್ಟಿಸುವುದು ನನ್ನ ಖಾತೆ. ಮೊದಲು ಬಸ್ಸಿನಲ್ಲಿ ಬುಟ್ಟಿ ಹೊತ್ತೊಯ್ಯುತ್ತಿದ್ದೆ. ವ್ಯಾಪಾರ ಕೈ ಹತ್ತಿದ ಮೇಲೆ ಸ್ವಂತ ಗಾಡಿ ಬೇಕಾಯಿತು.

ನಮ್ಮ ಸೀಮೆಯಲ್ಲಿ ಗಾಡಿ ಕೊಳ್ಳುವವನು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಹೇರುತ್ತದೆ? ಬಣ್ಣ, ಸೀಟು, ಮೈಲೇಜು ಇವೆಲ್ಲ ಪೇಟೆಯವರ ಚಿಂತೆ. ಚಿಕ್ಕನರಗುಂದದ ರೈತರೊಬ್ಬರು ಉಳ್ಳಾಗಡ್ಡಿ ಹೇರುತ್ತಿದ್ದ ತಮ್ಮ ಪಿಕಪ್ ಮಾರುತ್ತಾರೆಂದು ಗೊತ್ತಾಗಿ ಹೋದೆ. ಅವರು ಎಂಜಿನ್ನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಸೀದಾ ಹಿಂದಿನ ಗಾಲಿಯ ಹತ್ತಿರ ಕರೆದುಕೊಂಡು ಹೋಗಿ ಬಗ್ಗಿ ತೋರಿಸಿದರು. ಗಾಲಿಯ ಮೇಲ್ಗಡೆ ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಅವಕ್ಕೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. "ಇದ್ದ ಪಾಟಾದ ಮ್ಯಾಲ ಮತ್ತ ಜಾಸ್ತಿ ಪಾಟಾ ಹಾಕ್ಸೀನ್ರಿ ಅಣ್ಣಾರ. ಗುಡ್ಡಾ ಹೇರಿದ್ರೂ ಬಗ್ಗಂಗಿಲ್ಲ" ಎಂದರು. ನಾನೂ ಬಗ್ಗಿ ನೋಡಿದೆ, ಬೆರಳಿನಿಂದ ತಟ್ಟಿದೆ, ಹಿಂದೆ ಹತ್ತಿ ನಿಂತು ಕುಣಿದೆ. ಗಾಡಿ ಒಂದಿಷ್ಟೂ ಅಲುಗಲಿಲ್ಲ. ಇದಕ್ಕಿಂತ ಬೇರೆ ಪರೀಕ್ಷೆ ಬೇಕೇ? ಅಲ್ಲೇ ಮಾತು ಮುಗಿಸಿ ಕೀಲಿ ಇಸಿದುಕೊಂಡೆ. ರೊಟ್ಟಿ ಸಾಗಿಸಲು ಗಾಡಿ ನೋಡಹೋದವನಿಗೆ ಅಷ್ಟು ಹೊತ್ತೂ ರೊಟ್ಟಿಯ ನೆನಪು ಒಮ್ಮೆಯೂ ಆಗಲಿಲ್ಲ.

ಗಾಡಿ ಸ್ವಲ್ಪ ಜೋರು ಹಿಡಿದರೆ ಸಾಕು, ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಪಕ್ಕದ ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗಿ ಕಾಣುತ್ತಿತ್ತು. ಸ್ಟೇರಿಂಗಿನ ಮುಂದೆ ಕೂಡಿಸಿದ್ದ ಪುಟ್ಟ ಗಣಪ್ಪ ರೋಣ ಮುಟ್ಟುವಷ್ಟರಲ್ಲಿ ನನಗೆ ಬೆನ್ನು ತಿರುಗಿಸಿ ಕೂಡುತ್ತಿದ್ದ. ಆದರೆ ಡ್ರೈವರ್ ಸೀಟಿಗೆ ನಾನು ದಪ್ಪನೆಯ ಹೊಸ ಕುಶನ್ ಹಾಕಿಸಿದ್ದೆ, ಹೀಗಾಗಿ ಇದೆಲ್ಲ ಗಟ್ಟಿ ಗಾಡಿಯ ಲಕ್ಷಣ ಎಂದುಕೊಂಡೆ. ಗಜೇಂದ್ರಗಡದ ಖಾನಾವಳಿ ಸಂಗಪ್ಪ ನಮ್ಮ ದೊಡ್ಡ ಗಿರಾಕಿ. ಅವನು ಬುಟ್ಟಿಯ ಮೇಲಿನ ಅರಿವೆ ಸರಿಸಿ ಒಳಗೆ ನೋಡಿ, ನಿಧಾನವಾಗಿ ಹೇಳಿದ: "ಅಣ್ಣಾರ, ರೊಟ್ಟಿ ರುಚಿಗೆ ನಾ ಏನೂ ಅನ್ನಂಗಿಲ್ಲ. ಆದ್ರ ಇದನ್ನ ಮಂದೀಗೆ ಕೈಲೆ ತಿನ್ನಾಕ ಕೊಡಬೇಕೋ, ಚಮಚಾ ಕೊಡಬೇಕೋ ತಿಳೀವಲ್ದು ನೋಡ್ರಿ." ಒಡೆದ ರೊಟ್ಟಿಯೆಲ್ಲ ನನ್ನ ಜೊತೆಯಲ್ಲೇ ವಾಪಸು ಬಂತು. ಆಮೇಲೆ ನಮ್ಮ ಮನೆಯಲ್ಲಿ ಬೇಳೆಯಲ್ಲಿ ನೆನೆಸಿದ ರೊಟ್ಟಿ, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ, ಒಗ್ಗರಣೆ ಹಾಕಿದ ರೊಟ್ಟಿ, ಹೀಗೆ ಊಟಕ್ಕೆ ಬೇರೆ ಹೆಸರೇ ಇಲ್ಲದಾಯಿತು. ಇದನ್ನೇ ಮುಟಗಿ ಎಂದು ಹೊಸ ಹೆಸರಿಟ್ಟು ಮಾರಿದರೆ ಹೇಗೆ ಎಂದು ನಾನೊಂದು ಸಲಹೆ ಕೊಟ್ಟೆ. ನೀಲಾ ನನ್ನ ಮುಖವನ್ನೇ ನೋಡಿ, "ಮುಟಗಿ ಬಿಸಿ ರೊಟ್ಟೀಲೆ ಮಾಡೂದ್ರಿ, ಬಳ್ಳೊಳ್ಳಿ ಹಾಕಿ ಕುಟ್ಟಿ. ಇದನ್ನ ನಿಮ್ಮ ಗಾಡಿ ಕುಟ್ಟೈತಿ" ಎಂದಳು.

ಆಗ ನಾನು ರೋಗ ಹುಡುಕಲು ಇಳಿದೆ. ಮೊದಲ ಶಂಕೆ ಟೈರಿನ ಗಾಳಿಯದು. ಗಾಳಿ ಹೆಚ್ಚು ತುಂಬಿಸಿದೆ, ಮರುದಿನ ಇಳಿಸಿದೆ. ಎರಡೂ ಸಲ ಸುಧಾರಿಸಿದೆ ಎಂದು ನನಗನ್ನಿಸಿತು, ಎರಡೂ ಸಲ ರೊಟ್ಟಿ ಒಡೆಯಿತು. ಆಮೇಲೆ ಮೆಕ್ಯಾನಿಕ್ ದಾವಲಸಾಬನ ಗ್ಯಾರೇಜು. ದಾವಲಸಾಬ ನನಗಿಂತ ಹೆಚ್ಚು ಆತ್ಮವಿಶ್ವಾಸ ಇರುವ ಮನುಷ್ಯ, ಅದೇ ಕಾರಣಕ್ಕೆ ನನಗೆ ಅವನೆಂದರೆ ಇಷ್ಟ. ಗಾಲಿ ಬಿಚ್ಚಿ ಬ್ಯಾಲೆನ್ಸಿಂಗ್ ಮಾಡಿದ. ಗಾಲಿಯ ಒಳಮೈಗೆ ಮೆತ್ತಿಕೊಂಡಿದ್ದ ಎರೆಮಣ್ಣು ಒಣಗಿ ಕಲ್ಲಾಗಿತ್ತು, ಅದನ್ನು ಉಳಿಯಿಂದ ಕೆತ್ತಿ ತೆಗೆದು, "ಸಿಕ್ತು ನೋಡ್ರಿ ಕಳ್ಳ" ಎಂದ. ನಡುಕ ಸ್ವಲ್ಪ ತಗ್ಗಿತು, ಕುಲುಕಾಟ ತಗ್ಗಲಿಲ್ಲ. ಶಾಕಪ್ ಬದಲಿಸಿದ. ಎಂಜಿನ್ ಕೂಡುವ ರಬ್ಬರ್ ಬದಲಿಸಿದ. ಉದ್ದನೆಯ ಶಾಫ್ಟಿನ ಜಾಯಿಂಟ್ ಬದಲಿಸಿದ. ಪ್ರತಿ ಸಲವೂ ಕಳ್ಳ ಸಿಕ್ಕ. ಪ್ರತಿ ಸಲವೂ ಸಂಗಪ್ಪ ಅರಿವೆ ಸರಿಸಿ ನೋಡಿ, ಮತ್ತೆ ಮುಚ್ಚಿದ.

ಹಾಗಾದರೆ ಟ್ರಯಲ್ ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದೆವು. ತೊಂದರೆಯಾದದ್ದೇ ಅಲ್ಲಿ. ನಮ್ಮ ಕಡೆ ಖಾಲಿ ಗಾಡಿ ಖಾಲಿಯಾಗಿ ಹೋಗುವ ಪದ್ಧತಿ ಇಲ್ಲ. ಪಿಕಪ್ ಖಾಲಿ ಬರುವುದು ಕಂಡರೆ ರಸ್ತೆಯ ಪಕ್ಕ ನಿಂತವರು ಕೈ ಮಾಡುತ್ತಾರೆ. ಕೈ ಮಾಡಿದವರನ್ನು ಬಿಟ್ಟು ಹೋದರೆ ಅವರ ಮಾತಿರಲಿ, ಅವರ ಬೀಗರು ಕೂಡ ನಮ್ಮ ಜೊತೆ ಮಾತು ಬಿಡುತ್ತಾರೆ. ದಾವಲಸಾಬನನ್ನು ಪಕ್ಕಕ್ಕೆ ಕೂಡಿಸಿಕೊಂಡು ರೋಣದ ಹಾದಿ ಹಿಡಿದರೆ ಊರು ದಾಟುವುದರೊಳಗೆ ಹಿಂದೆ ಮಂದಿ ತುಂಬುತ್ತಿದ್ದರು. ಒಬ್ಬರ ಜೊತೆ ಹತ್ತಿಕಾಳಿನ ಚೀಲ, ಇನ್ನೊಬ್ಬರ ಜೊತೆ ಎರಡು ಆಡು. ಅಷ್ಟು ಭಾರ ಬಿದ್ದ ಕೂಡಲೇ ಗಾಡಿ ಬಸುರಿ ಎಮ್ಮೆಯ ಹಾಗೆ ಗಂಭೀರವಾಗಿ ನಡೆಯುತ್ತಿತ್ತು. ಹಳ್ಳಿ ಹಳ್ಳಿಗೆ ಇಳಿಸುತ್ತ ಹತ್ತಿಸುತ್ತ ಹೋಗುವುದರಿಂದ ಜೋರು ಹಿಡಿಯುವ ಮಾತೇ ಇಲ್ಲ. ದಾವಲಸಾಬ ಕೈ ಕಟ್ಟಿಕೊಂಡು, "ಎಲ್ಲೈತ್ರಿ ಅಣ್ಣಾರ ನಡುಕಾ? ತೊಟ್ಟಿಲಾ ತೂಗಿದಂಗ ಹೊಂಟೈತಿ" ಎನ್ನುತ್ತಿದ್ದ. ಹಿಂದೆ ಕೂತವರನ್ನು ಕೇಳಿದರೆ ಅವರೂ ಗಾಡಿ ಭಾಳ ಚಲೋ ಐತಿ ಎನ್ನುತ್ತಿದ್ದರು. ಪುಕ್ಕಟೆ ಕೂತವರು ಇನ್ನೇನು ಹೇಳಿಯಾರು? ಅಂತೂ ಗಾಡಿಯದು ಏನೂ ತಪ್ಪಿಲ್ಲ, ರೊಟ್ಟಿಯನ್ನೇ ವಿಪರೀತ ತೆಳ್ಳಗೆ ಮಾಡುತ್ತಿದ್ದಾರೆ ಎಂಬ ತೀರ್ಮಾನಕ್ಕೆ ನಾವಿಬ್ಬರೂ ಬಂದೆವು. ಈ ತೀರ್ಮಾನವನ್ನು ನಾನು ಶೆಡ್ಡಿನಲ್ಲಿ ಹೇಳಿದಾಗ ಶಾಂತವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನನ್ನನ್ನು ನೋಡಿದಳು. ಅಂದಿನಿಂದ ಸ್ವಲ್ಪ ದಿನ ನಾನು ಆ ಶೆಡ್ಡಿನ ಕಡೆ ಹೋಗಲಿಲ್ಲ.

ಅಷ್ಟರಲ್ಲಿ ಸಂಗಪ್ಪನ ಮಗಳ ಮದುವೆ ನಿಶ್ಚಯವಾಯಿತು. ಊಟಕ್ಕೆ ರೊಟ್ಟಿ ನಮ್ಮಲ್ಲಿಂದಲೇ ಎಂದು ಹೇಳಲು ಫೋನ್ ಮಾಡಿದ. ಹೇಳಿದ್ದು ನನಗಲ್ಲ, ನೀಲಾಳಿಗೆ. "ಅಕ್ಕಾರ, ನಿಮ್ಮ ಕೈ ರುಚಿ ಬಿಟ್ಟ ಬ್ಯಾರೆ ಕಡೆ ಹೋಗಾಕ ಮನಸ್ಸಿಲ್ರಿ. ಆದ್ರ ಬೀಗರ ಪಂಕ್ತಿಯೊಳಗ ಚೂರು ಬಡಿಸಿದ್ರ ನನ್ನ ಮಾನ ಉಳಿಯಂಗಿಲ್ಲ. ಈ ಸಲ ಮುರದು ಬಂದ್ರ ಮುಂದ ಖಾನಾವಳಿಗೂ ಬ್ಯಾರೆ ಕಡಿಂದ ತರಸ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ." ಫೋನ್ ಇಟ್ಟು ನೀಲಾ ಶೆಡ್ಡಿನ ಕಡೆ ನೋಡಿದಳು. "ಸಂಗಪ್ಪ ಕೈ ಬಿಟ್ರ ಶೆಡ್ಡಿನಾಗ ಅರ್ಧ ಒಲಿ ಆರತಾವ್ರಿ. ಶಾಂತವ್ವಗ ನಾಳೆಯಿಂದ ಬರಬ್ಯಾಡ ಅಂತ ನಾ ಹ್ಯಾಂಗ ಹೇಳ್ಲಿ?" ಎಂದಳು. ನಾನು ಧೈರ್ಯ ಬಿಡದೆ, ದಾವಲಸಾಬನ ಹತ್ತಿರ ಇನ್ನೊಂದು ಬೇರಿಂಗ್ ಬದಲಿಸುವ ವಿಚಾರವಿದೆ ಎಂದು ಹೇಳಿದೆ.

ಮದುವೆಯ ಮುಂಚಿನ ದಿನ ಬೆಳಿಗ್ಗೆ ಬುಟ್ಟಿಗಳನ್ನು ಗಾಡಿಯಲ್ಲಿ ಇಟ್ಟಾಯಿತು. ನಾನು ಬಾಗಿಲು ತೆಗೆದು ನೋಡಿದರೆ ನನ್ನ ಕುಶನ್ನಿನ ಮೇಲೆ ನೀಲಾ ಕೂತಿದ್ದಳು. ಅವಳು ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡವಳೇ, ಆದರೆ ನಾನಿರುವಾಗ ಅವಳು ಗಾಡಿ ಹೊಡೆಯುವ ಪ್ರಸಂಗ ಬಂದಿರಲಿಲ್ಲ. ನಾನು ಯಾವಾಗಲೂ ಇರುತ್ತಿದ್ದೆ. "ಹಿಂದ ಬುಟ್ಟಿ ಹಿಡಕೊಳ್ಳಾಕ ಒಬ್ಬರು ಬೇಕ್ರಿ. ಶಾಂತವ್ವಗ ಮೊಣಕಾಲ ಬ್ಯಾನಿ. ನೀವು ಹತ್ರಿ" ಎಂದಳು. ಓಣಿಯವರು ನೋಡುತ್ತಾರೆ ಎಂದೆ. "ನೋಡ್ಲಿ" ಎಂದಳು. ನಾನು ಹತ್ತಿದೆ.

ಹಿಂದೆ ಕೂತ ಮೇಲೆ ನನಗೆ ಎಲ್ಲವೂ ತಿಳಿಯತೊಡಗಿತು. ಊರು ದಾಟಿದ ಮೊದಲ ಉಬ್ಬಿಗೇ ನಾನು ಒಂದು ಗೇಣು ಮೇಲೆ ಹೋಗಿ ಕೆಳಗೆ ಬಿದ್ದೆ, ತಬ್ಬಿ ಹಿಡಿದ ಬುಟ್ಟಿಗಳ ಪೆಟ್ಟೂ ನನ್ನ ತೊಡೆಗೇ ಬಿತ್ತು. ಪಾಟಾ ಅಷ್ಟೂ ಹೊತ್ತು ಕಬ್ಬಿಣದ ಮಂಚದ ಹಾಗೆ ಬಿರುಸಾಗಿ ನಿಂತಿತ್ತು. ಉಳ್ಳಾಗಡ್ಡಿಯ ಚೀಲಗಳಿಗಾಗಿ ಸಜ್ಜುಮಾಡಿದ ಪಾಟಾಕ್ಕೆ ರೊಟ್ಟಿಯ ಬುಟ್ಟಿ ಬಂದು ಕೂತದ್ದು ಗೊತ್ತೇ ಇಲ್ಲ, ನಾನು ಕೂತದ್ದೂ ಅಷ್ಟಾಗಿ ಗೊತ್ತಿರಲಿಲ್ಲ. ರಸ್ತೆಯ ಒಂದೊಂದು ಹರಳೂ ನೇರವಾಗಿ ನನ್ನ ಬೆನ್ನಿಗೆ ಬಂದು ವರದಿ ಒಪ್ಪಿಸುತ್ತಿತ್ತು. ಭಾರವಿಲ್ಲದೆ ಈ ಗಾಡಿ ಬಗ್ಗುವುದಿಲ್ಲ, ಬಗ್ಗದೆ ರೊಟ್ಟಿ ಉಳಿಯುವುದಿಲ್ಲ, ರೋಗ ಇಷ್ಟೇ. ಟ್ರಯಲ್ಲಿನ ದಿನ ಮಂದಿ ಹತ್ತಿದ ಕೂಡಲೇ ಅದು ಯಾಕೆ ಮಾಯವಾಗುತ್ತಿತ್ತು ಎಂಬುದೂ ತಿಳಿಯಿತು. ಈ ಸತ್ಯ ಹೊಳೆದ ಸಂತೋಷದಲ್ಲಿ ಎದ್ದು ನಿಂತು ಅವಳಿಗೆ ಹೇಳಬೇಕೆಂದುಕೊಂಡೆ, ಇನ್ನೊಂದು ಉಬ್ಬು ಬಂದು ಕೂಡಿಸಿತು. ಅಲ್ಲಿಂದ ಮುಂದೆ ಕ್ಯಾಬಿನ್ನಿನ ತಗಡು ಬಡಿಯುತ್ತ, "ನೀಲಾ, ಸಾವಕಾಶ. ಮುಂದ ತೆಗ್ಗು ಐತಿ, ಸಾವಕಾಶ" ಎಂದು ಕೂಗುವುದೇ ನನ್ನ ಕೆಲಸವಾಯಿತು. ಅವಳು ಪ್ರತಿಯೊಂದು ಸಲವೂ ನಿಧಾನ ಮಾಡಿದಳು. ನನ್ನ ಕಾಲದಲ್ಲಿ ಹಿಂದೆ ಕೂತ ರೊಟ್ಟಿಗಳಿಗೆ ಕೂಗಲು ಬಾಯಿ ಇರಲಿಲ್ಲ.

ಗಜೇಂದ್ರಗಡದಲ್ಲಿ ಮದುವೆಮನೆಯ ಮುಂದೆ ಗಾಡಿ ನಿಂತಾಗ ನನಗೆ ಇಳಿಯಲು ಆಗಲಿಲ್ಲ, ಇಬ್ಬರು ಬಂದು ಇಳಿಸಿದರು. ಸಂಗಪ್ಪ ಒಂದೊಂದೇ ಬುಟ್ಟಿಯ ಅರಿವೆ ಸರಿಸಿ, ಕೈ ಹಾಕಿ ಕೆಳಗಿನ ರೊಟ್ಟಿಯ ತನಕ ನೋಡಿದ. ನೀಲಾ ಸೆರಗು ಬಿಗಿಹಿಡಿದು ನಿಂತಿದ್ದಳು. ಅವನು ಕೊನೆಯ ಬುಟ್ಟಿ ಮುಚ್ಚಿ, ಕೈ ಜಾಡಿಸಿ, ತುಂಬ ಸಮಾಧಾನದಿಂದ ಹೇಳಿದ: "ಒಂದೂ ಮುಕ್ಕಾಗಿಲ್ಲ ನೋಡ್ರಿ ಅಕ್ಕಾರ. ಇನ್ನ ಖಾನಾವಳಿ ರೊಟ್ಟೀನೂ ನಿಮ್ಮದಽ. ಡ್ರೈವರನ್ನ ಬದಲಿ ಮಾಡಿದ್ದು ಚಲೋ ಆತು."

ನಾನು ಅಲ್ಲೇ ನಿಂತು ಅವನಿಗೆ ಪಾಟಾದ ವಿಷಯವನ್ನು ಮೊದಲಿನಿಂದ ವಿವರಿಸಿದೆ. ಉಳ್ಳಾಗಡ್ಡಿ, ಭಾರ, ಬಾಗುವಿಕೆ, ಎಲ್ಲ. ಅವನು ಕೇಳಿದ. ಹೌದ್ರಿ, ಇರಬಹುದ್ರಿ ಎಂದ. ಆಮೇಲೆ ನನ್ನ ಬೆನ್ನಿಗೆ ಹಚ್ಚಲು ಎಣ್ಣೆ ತರಿಸಿಕೊಟ್ಟ. ಬೀಗರ ಕಡೆಯ ಹಿರಿಯರೊಬ್ಬರು ನೀಲಾಳ ಹತ್ತಿರ ಹೋಗಿ, ತಮ್ಮೂರಿಗೂ ರೊಟ್ಟಿ ಬೇಕಾಗುತ್ತದೆ, ಆದರೆ ಗಾಡಿ ನೀವೇ ಹೊಡೆಯುವುದಾದರೆ ಮಾತ್ರ ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು.

ಮರುದಿನವೇ ಗಾಡಿಯನ್ನು ದಾವಲಸಾಬನ ಹತ್ತಿರ ಒಯ್ದು ಜಾಸ್ತಿ ಪಾಟಾಗಳನ್ನು ಬಿಚ್ಚಿಸಿದೆ. ನಾಳೆ ಉಳ್ಳಾಗಡ್ಡಿ ಹೇರುವುದು ಬಂದರೆ ಏನು ಮಾಡುತ್ತೀರಿ ಎಂದು ಅವನು ಮುಖ ಸಣ್ಣದು ಮಾಡಿದ. ನಾನು ಕೇಳಲಿಲ್ಲ. ದೋಷ ಪಾಟಾದ್ದೇ, ಡ್ರೈವರನದಲ್ಲ, ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ; ನರಗುಂದದಿಂದ ಗಜೇಂದ್ರಗಡದವರೆಗೆ ಯಾರು ಬಂದು ಕೇಳಿದರೂ ಹೇಳುತ್ತೇನೆ. ಈಗ ಗಾಡಿ ಎಷ್ಟು ಮೆತ್ತಗೆ ಹೋಗುತ್ತದೆಂದರೆ ರೋಣ ಬಂದದ್ದೇ ತಿಳಿಯುವುದಿಲ್ಲ, ಎಷ್ಟೋ ಸಲ ಬುಟ್ಟಿಗೆ ಒರಗಿ ಕೂತಲ್ಲೇ ನನಗೆ ನಿದ್ದೆ ಹತ್ತಿರುತ್ತದೆ.